ಪೆಟ್ರೋಲ್ ಮುಳ್ಳಿನ ಗುಟ್ಟು

ಟ್ಯಾಂಕ್ ಫುಲ್ ಮಾಡಿಸಿ ಎಷ್ಟೋ ದೂರ ಓಡಿಸಿದರೂ ಬೈಕಿನ ಮುಳ್ಳು ‘ಎಫ್’ ಬಿಟ್ಟು ಕದಲುವುದಿಲ್ಲ. ಆಮೇಲೆ ನೋಡನೋಡುತ್ತಲೇ ಸರ್ರನೆ ಇಳಿದುಬಿಡುತ್ತದೆ. ಪಾಕೆಟ್ ಮನಿಯಲ್ಲಿ ನೂರು, ಇನ್ನೂರರ ಪೆಟ್ರೋಲ್ ಹಾಕಿಸುವ ನಮ್ಮಂಥವರಿಗೆ ಇದು ದಿನನಿತ್ಯದ ತಲೆಬಿಸಿ.

ಬಿ.ಇ. ಓದುತ್ತಿರುವ ನನಗೆ ಇದರ ಗುಟ್ಟು ತಿಳಿದಾಗ ನಗು ಬಂತು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ ಓಮ್‌ನ ನಿಯಮವೇ ಅಲ್ಲಿ ಕೆಲಸ ಮಾಡುತ್ತಿತ್ತು! ಟ್ಯಾಂಕಿನೊಳಗೆ ಪೆಟ್ರೋಲ್ ಮೇಲೆ ತೇಲುವ ಒಂದು ಫ್ಲೋಟ್ ಇರುತ್ತದೆ. ಅದಕ್ಕೆ ಜೋಡಿಸಿದ ತಂತಿಯ ತೋಳು, ಫ್ಲೋಟ್ ಇಳಿದಂತೆ ರೆಸಿಸ್ಟರ್ ಪಟ್ಟಿಯ ಮೇಲೆ ಸರಿಯುತ್ತದೆ. ರೋಧ ಬದಲಾದರೆ ಕರೆಂಟ್ ಬದಲಾಗುತ್ತದೆ, ಮುಳ್ಳು ತಿರುಗುತ್ತದೆ.

ಅಂದರೆ ಗೇಜ್ ಅಳೆಯುವುದು ಪೆಟ್ರೋಲಿನ ಮಟ್ಟವನ್ನು, ಲೀಟರನ್ನಲ್ಲ. ಟ್ಯಾಂಕ್ ಪೂರ್ತಿ ತುಂಬುವ ಮೊದಲೇ ಫ್ಲೋಟ್ ಮೇಲ್ತುದಿ ಮುಟ್ಟಿರುತ್ತದೆ. ಅದಕ್ಕೇ ‘ಎಫ್’ ಅಷ್ಟು ಹೊತ್ತು ನಿಲ್ಲುವುದು. ಟ್ಯಾಂಕಿನ ಆಕಾರವೂ ಅಂಕುಡೊಂಕು, ಹಾಗಾಗಿ ಅರ್ಧ ಎತ್ತರವೆಂದರೆ ಅರ್ಧ ಪೆಟ್ರೋಲ್ ಅಲ್ಲ. ಘಾಟಿ ಹತ್ತುವಾಗ ಪೆಟ್ರೋಲ್ ಒಂದು ಕಡೆ ವಾಲಿದರೆ ಮುಳ್ಳೂ ಸುಳ್ಳು ಹೇಳುತ್ತದೆ.

ಇನ್ನೊಂದು ಮಾತು. ಫ್ಯೂಯಲ್ ಇಂಜೆಕ್ಷನ್ ಬೈಕುಗಳಲ್ಲಿ ಸಾಮಾನ್ಯವಾಗಿ ಪಂಪ್ ಟ್ಯಾಂಕಿನೊಳಗೇ ಇರುತ್ತದೆ. ಅದನ್ನು ತಂಪಾಗಿಡುವುದೂ ಪೆಟ್ರೋಲೇ. ಸದಾ ರಿಸರ್ವ್‌ನಲ್ಲೇ ಓಡಿಸಿದರೆ ಪಂಪ್ ಬಿಸಿಯಾಗಿ ಬೇಗ ಕೆಡಬಹುದು. ಉಳಿಸಿದ ನೂರು ರೂಪಾಯಿ ಸಾವಿರಗಳನ್ನು ನುಂಗೀತು.

ಪರೀಕ್ಷೆಗೋ ಇಂಟರ್‌ವ್ಯೂಗೋ ಹೊರಡುವ ದಿನ ಮುಳ್ಳೊಂದನ್ನೇ ನಂಬಬೇಡಿ. ಫುಲ್ ಮಾಡಿಸಿದಾಗ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ, ಕಿಲೋಮೀಟರ್ ಲೆಕ್ಕ ಇಡಿ. ಅಂದಹಾಗೆ, ‘ಓಮ್‌ನ ನಿಯಮಕ್ಕೆ ಉದಾಹರಣೆ ಕೊಡಿ’ ಎಂದು ಯಾರಾದರೂ ಕೇಳಿದರೆ, ಉತ್ತರ ನಿಮ್ಮ ಬೈಕಿನಲ್ಲೇ ಇದೆ!