ಮುಂದಿನ ಸೀಟಿನಲ್ಲಿ ಮೂವರು

"ಅಮ್ಮಾ, ನಮ್ಮ ಫಿಯಾಟಿನ ಹಳೇ ಸೀಟು ಎಲ್ಲಿ ಹೋಯ್ತು?"

2025ರ ಮಳೆಗಾಲದ ಒಂದು ಭಾನುವಾರ, ನಾನು ಬಸಳೆ ಬಿಡಿಸುತ್ತಾ ಕುಳಿತಿದ್ದಾಗ ಮಗ ಕೇಳಿದ ಪ್ರಶ್ನೆ ಇದು. ಅವನ ಕೈಯಲ್ಲಿ ಒಂದು ಹಳೆಯ ಫೋಟೋ. ಕಾರಿನ ಮುಂದಿನ ಸೀಟಿನಲ್ಲಿ ಸ್ಟಿಯರಿಂಗ್ ಹಿಡಿದ ನನ್ನ ಮಾವನವರು, ಕಿಟಕಿಯ ಬಳಿ ಅತ್ತೆ, ನಡುವೆ ಒಂದೂವರೆ ವರ್ಷದ ಇವನು. ಉತ್ತರ ನನಗೆ ಗೊತ್ತಿತ್ತು, ಆದರೆ ಹೇಳಲು ನಾಲಗೆ ಬರಲಿಲ್ಲ. ಏಕೆಂದರೆ ಆ ಸೀಟನ್ನು ಭಂಗಾರ್‌ವಾಲಾನಿಗೆ ತೂಕಕ್ಕೆ ಕೊಟ್ಟವಳು ನಾನೇ!

ಯುವ ಮಿತ್ರರೇ, ಹಳೆಯ ಕಾರಿಗೆ ಹೊಸ ಮಾಡೆಲಿನ ಭಾಗ ಜೋಡಿಸಿ ಮೆರೆಯುವ ಆಸೆ ನಿಮ್ಮಲ್ಲಿ ಎಷ್ಟೋ ಮಂದಿಗೆ ಇರಬಹುದು. ಕಾರು ಓಡಿಸಲು ಬಾರದ ಗೃಹಿಣಿಯೊಬ್ಬಳು ಈ ವಿಷಯದ ಬಗ್ಗೆ ಬರೆಯುವುದು ನಿಮಗೆ ನಗು ತರಿಸಬಹುದು. ನಕ್ಕುಬಿಡಿ, ಆದರೆ ಪೂರ್ತಿ ಓದಿ.

ಕುರ್ಲಾದಲ್ಲಿ ಹುಟ್ಟಿದ ಪದ್ಮಿನಿ

ನಮ್ಮ ಕಾರು 1975ರ ಪ್ರೀಮಿಯರ್ ಪದ್ಮಿನಿ. ಮಾವನವರು ಹೆಸರು ನೋಂದಾಯಿಸಿ, ವರ್ಷಗಟ್ಟಲೆ ಕಾದು ತಂದದ್ದು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಇಟಲಿಯ ಫಿಯಾಟ್ ಕಂಪನಿಯ ಪರವಾನಗಿ ಪಡೆದು ನಮ್ಮ ಕುರ್ಲಾದಲ್ಲೇ ಕಾರು ತಯಾರಿಸುತ್ತಿತ್ತು. 1950ರ ದಶಕದ ಗುಂಡು ಗುಂಡಾದ ಫಿಯಾಟ್ 1100ಕ್ಕೆ ಮುಂಬಯಿಯ ಜನ ಪ್ರೀತಿಯಿಂದ 'ಡುಕ್ಕರ್ ಫಿಯಾಟ್' ಎಂದು ಹೆಸರಿಟ್ಟರು. ಡುಕ್ಕರ್ ಎಂದರೆ ಮರಾಠಿಯಲ್ಲಿ ಹಂದಿ. 1964ರಲ್ಲಿ ಅದೇ ವಂಶದ 'ಡಿಲೈಟ್' ಬಂತು. ಮುಂದೆ ಫಿಯಾಟ್ ಹೆಸರು ಬಿಟ್ಟು ಮೊದಲು 'ಪ್ರೆಸಿಡೆಂಟ್', 1974ರಿಂದ 'ಪದ್ಮಿನಿ' ಆಯಿತು. ಹೆಸರು ಎಷ್ಟು ಬದಲಾದರೂ ಮುಂಬಯಿಗರ ಬಾಯಲ್ಲಿ ಅದು ಫಿಯಾಟೇ.

1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಕೋಲು, ಮುಂದುಗಡೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಬೆಂಚಿನಂಥ ಒಂದೇ ಉದ್ದ ಸೀಟು. ನೆಲದ ಮೇಲೆ ಗೇರು ಇಲ್ಲದ್ದರಿಂದಲೇ ನಡುವೆ ಮೂರನೆಯವರಿಗೆ ಜಾಗ. 1992ರಲ್ಲಿ ನಾನು ಮದುವೆಯಾಗಿ ಘಾಟ್ಕೋಪರಿಗೆ ಬಂದ ದಿನ ದಾದರ್ ಸ್ಟೇಷನ್ನಿನಿಂದ ಮನೆಗೆ ಕರೆತಂದದ್ದೂ ಇದೇ ಕಾರು.

ಮೈದುನನ 'ಸ್ಪೋರ್ಟ್ಸ್ ಕಾರು'

ಆಗಿನ ತರುಣರಿಗೆ ನಿಜವಾದ ಸ್ಪೋರ್ಟ್ಸ್ ಕಾರು ಕೈಗೆಟುಕುವ ಮಾತಾಗಿರಲಿಲ್ಲ. ಮದರಾಸಿನ ಬಳಿಯ ಶೋಲಾವರಂ ರೇಸಿನಲ್ಲಿ ಇಂಥವೇ ಫಿಯಾಟ್‌ಗಳು ಓಡುತ್ತಿದ್ದವು. ಅದನ್ನು ಕೇಳಿ, ಪತ್ರಿಕೆಗಳಲ್ಲಿ ಓದಿ, ನನ್ನ ಮೈದುನನಿಗೂ ಹುರುಪು ಹತ್ತಿತು. ಅದೇ ಕಂಪನಿ 1985ರಲ್ಲಿ '118ಎನ್‌ಇ' ಎಂಬ ಕಾರು ತಂದಿತ್ತು. ಮೈಕಟ್ಟು ಫಿಯಾಟ್ 124ರದು, 1171 ಸಿಸಿ ಎಂಜಿನ್ ಜಪಾನಿನ ನಿಸಾನ್‌ನದು. ಬಕೆಟ್ ಸೀಟು, ನೆಲದ ಮೇಲೆ ಗೇರು. ಅಪಘಾತಕ್ಕೀಡಾದ ಅಂಥದೊಂದು ಕಾರಿನ ಸೀಟುಗಳು 1996ರಲ್ಲಿ ಕುರ್ಲಾದಲ್ಲಿ ಅವನ ಕಣ್ಣಿಗೆ ಬಿದ್ದವು.

ಎರಡು ತಿಂಗಳು ಕಾರು ಗ್ಯಾರೇಜಿನಲ್ಲಿತ್ತು. ಹಿಂದಿರುಗಿದಾಗ ಬಕೆಟ್ ಸೀಟು, ಫ್ಲೋರ್ ಗೇರ್, ಪುಟ್ಟ ಸ್ಟಿಯರಿಂಗ್. ಹೊಳೆಯುವ ಕ್ರೋಮ್ ಗ್ರಿಲ್ ಇದ್ದಲ್ಲಿ ಹೊಸ ಪದ್ಮಿನಿಗಳ ಕಪ್ಪು ಗ್ರಿಲ್. ಖರ್ಚು ಕಾರಿನ ಅಂದಿನ ಬೆಲೆಗೇ ಸಮೀಪ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ ಅಲ್ಲವೇ? ಮಾವನವರು ಬೈಯಲಿಲ್ಲ. ಬಾಗಿಲು ತೆರೆದು ಒಳಗೆ ನೋಡಿ, "ಇನ್ನು ಮಗು ಎಲ್ಲಿ ಕೂತುಕೊಳ್ಳುವುದು?" ಎಂದರು, ಅಷ್ಟೇ.

ಹಳೆಯ ಸೀಟನ್ನು ಅವರು ಬಿಸಾಡಲು ಬಿಡಲಿಲ್ಲ. ಆದರೆ ಎರಡು ಕೋಣೆಯ ಫ್ಲಾಟಿನಲ್ಲಿ ಅದನ್ನು ಇಡುವುದೆಲ್ಲಿ? ಲಾಫ್ಟಿಗೆ ಹತ್ತಲಿಲ್ಲ. ಪ್ಯಾಸೇಜಿನಲ್ಲಿ ನಿಲ್ಲಿಸಿದರೆ ಸೊಸೈಟಿಯಿಂದ ಚೀಟಿ. ಗ್ಯಾಲರಿಯಲ್ಲಿ ಮಳೆ ನೀರು ಕುಡಿದು ಸ್ಪ್ರಿಂಗ್ ತುಕ್ಕು ಹಿಡಿಯಿತು. ಕೊನೆಗೊಂದು ದಿನ ಯಾರನ್ನೂ ಕೇಳದೆ ನಾನೇ ಅದನ್ನು ಸಾಗಹಾಕಿದೆ. ಮಾವನವರು ಸಂಜೆ ಗ್ಯಾಲರಿಯ ಖಾಲಿ ಜಾಗ ನೋಡಿದರು, ಏನೂ ಹೇಳಲಿಲ್ಲ. 2011ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಮಾತು ನಮ್ಮ ನಡುವೆ ಬರಲೇ ಇಲ್ಲ.

ಕಾಲ ತಿರುಗಿತು

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. 1990ರಲ್ಲಿ ಬಂದ ಮಾರುತಿ 1000ಕ್ಕೂ 1994ರ ಎಸ್ಟೀಮಿಗೂ ಮೈಕಟ್ಟು ಒಂದೇ. ಹೀಗಾಗಿ ಹಳೆಯದಕ್ಕೆ ಹೊಸದರ ಭಾಗಗಳನ್ನು ಕೂರಿಸಿದವರು ಎಷ್ಟೋ ಮಂದಿ. ಜರ್ಮನಿಯ ಪೋರ್ಶೆ 911 ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಕಾರಿನ ಮೂಲ ಆಕಾರ 1964ರಿಂದ 1989ರವರೆಗೆ ಹೆಚ್ಚು ಬದಲಾಗಲಿಲ್ಲ. ಹಳೆಯ 911 ಇದ್ದವರು ಅದಕ್ಕೆ ಹೊಸ ಮಾಡೆಲಿನ ಬಂಪರು, ಅಗಲವಾದ ಮಡ್‌ಗಾರ್ಡು ಹಾಕಿಸಿ 'ಹೊಸತು' ಮಾಡಿಕೊಂಡರು. ಇಂದು ಅದಕ್ಕೆ ತದ್ವಿರುದ್ಧ! ಹೊಸ 911ಗೆ ಹಳೆಯ ಕಾಲದ ವೇಷ ಹಾಕಿಸುವವರಿದ್ದಾರೆ, ಮೂಲರೂಪದಲ್ಲೇ ಉಳಿದ ಹಳೆಯ ಕಾರಿಗೆ ಎಲ್ಲಿಲ್ಲದ ಬೆಲೆ.

ನಮ್ಮ ದೇಶದ ಕಾನೂನೂ ಈಗ ಮೂಲರೂಪಕ್ಕೆ ಮಣೆ ಹಾಕಿದೆ. 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು 'ವಿಂಟೇಜ್' ಎಂದು 'ವಿಎ' ಅಕ್ಷರಗಳಿರುವ ವಿಶೇಷ ನಂಬರಿನಲ್ಲಿ ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ನಮ್ಮ ಪದ್ಮಿನಿಗೆ 50 ತುಂಬಿದ್ದು 2025ರಲ್ಲಿ. ಮಗ ಸೀಟು ಹುಡುಕಲು ಹೊರಟದ್ದು ಇದಕ್ಕಾಗಿಯೇ.

ಕಡಿದದ್ದು ಕೂಡುವುದಿಲ್ಲ

2003ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯ ನೋಂದಣಿಯಾಗಿತ್ತು. ಟ್ಯಾಕ್ಸಿಗೆ 20 ವರ್ಷದ ಆಯುಷ್ಯವಾದ್ದರಿಂದ 2023ರ ಅಕ್ಟೋಬರ್ 30ರಿಂದ ಆ ಕಾಲಿ-ಪೀಲಿಗಳು ರಸ್ತೆಯಿಂದ ಮರೆಯಾದವು. ಹಾಗೆ ಮರೆಯಾದ ಒಂದು ಟ್ಯಾಕ್ಸಿಯ ಬೆಂಚ್ ಸೀಟು, ಸ್ಟಿಯರಿಂಗ್ ಗೇರಿನ ಸರಂಜಾಮು ಮೂರು ತಿಂಗಳ ಅಲೆದಾಟದ ನಂತರ ಮಗನಿಗೆ ಸಿಕ್ಕಿದವು. ಕ್ರೋಮ್ ಗ್ರಿಲ್ ಇನ್ನೊಂದು ಕಡೆ ದೊರೆಯಿತು.

ಆದರೆ ಮುಖ್ಯವಾದ ಕೆಲಸ ಉಳಿದೇ ಇತ್ತು. ಫ್ಲೋರ್ ಗೇರಿಗಾಗಿ 1996ರಲ್ಲಿ ಕಾರಿನ ನೆಲದ ತಗಡನ್ನೇ ಗ್ಯಾಸ್ ಕಟ್ಟರಿನಿಂದ ಕತ್ತರಿಸಿದ್ದರು. ಲಾರಿ, ಜೀಪುಗಳಿಗಿರುವಂತೆ ಈ ಕಾರಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಅದರ ಬೆನ್ನೆಲುಬು. ನೆಲ ಕತ್ತರಿಸಿದರೆ ಬೆನ್ನೆಲುಬಿಗೇ ಪೆಟ್ಟು. ಆ ಅಂಚಿನಲ್ಲಿ ಮುಂಬಯಿಯ ಉಪ್ಪು ಗಾಳಿ, ಮಳೆ ನೀರು ಸೇರಿ ತುಕ್ಕು ಬೇರೆ ಹಿಡಿದಿತ್ತು. ಮಿಸ್ತ್ರಿ ಕೊಳೆತ ಭಾಗ ತೆಗೆದು ಹೊಸ ತಗಡು ವೆಲ್ಡ್ ಮಾಡಿದರು. "ಗಟ್ಟಿಯಾಗಿದೆ. ಆದರೆ ಒರಿಜಿನಲ್ ಎಂದು ನಾನು ಹೇಳಲಾರೆ" ಎಂದರು.

'ವಿಎ' ನಂಬರಿಗೆ ಅರ್ಜಿ ಹಾಕುವುದೋ ಬೇಡವೋ? ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ, ಹಾಕಿಬಿಡು ಎಂದರು ಗೆಳೆಯರು. ಮಗ ಒಂದು ರಾತ್ರಿ ಯೋಚಿಸಿ, "ಬೇಡಮ್ಮ, ಸುಳ್ಳು ಹೇಳಿ ಅಜ್ಜನ ಕಾರಿಗೆ ಮರ್ಯಾದೆ ತರುವುದು ಬೇಡ" ಎಂದ. ಅಲ್ಲದೆ ವಿಂಟೇಜ್ ನಂಬರಿನ ಕಾರನ್ನು ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳಿಗೆ ಬಿಟ್ಟರೆ ದಿನಬಳಕೆಗೆ ಓಡಿಸುವಂತಿಲ್ಲ. ಎಂದಿನಂತೆ ಐದು ವರ್ಷಕ್ಕೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿದೆವು.

ನಿಮಗೆ ನಾಲ್ಕು ಮಾತು

ಹಳೆಯ ಕಾರಿಗೆ ಕೈ ಹಾಕುವ ಮಕ್ಕಳೇ, ನಮ್ಮ ಮನೆ ಕಲಿತ ಪಾಠ ಇದು. ಸ್ಕ್ರೂ, ಬೋಲ್ಟು ಬಿಚ್ಚಿ ಹಾಕುವಂಥದ್ದನ್ನು ಬೇಕಾದರೆ ಬದಲಿಸಿ. ಕತ್ತರಿಸಬೇಕಾದದ್ದಕ್ಕೆ ಹತ್ತು ಸಲ ಯೋಚಿಸಿ. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಚೀಟಿ ಅಂಟಿಸಿ ಕಾಪಾಡಿ, ಮನೆಯಲ್ಲಿ ಜಾಗವಿಲ್ಲದಿದ್ದರೆ ಊರಿನ ಮನೆಯ ಅಟ್ಟಕ್ಕೆ ಕಳಿಸಿ. ವೇಗ ಹೆಚ್ಚಿಸುವ ಮೊದಲು ಬ್ರೇಕ್ ನೋಡಿ. ಹೊಸ ದೀಪ, ಸ್ಟೀರಿಯೋ ಹಾಕುವ ಮೊದಲು ಹಳೆಯ ವೈರಿಂಗ್ ಆ ಭಾರ ತಾಳುತ್ತದೆಯೇ ಎಂದು ನೋಡಿ. ಕಾನೂನನ್ನೂ ತಿಳಿದಿರಿ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಎಂಜಿನ್ ಬದಲಿಸಲು ಆರ್‌ಟಿಓ ಅನುಮತಿ ಬೇಕು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಊರಿಗೆ ಹೋದಾಗ ಧರ್ಮಸ್ಥಳದಲ್ಲಿರುವ ಹಳೆಯ ಕಾರುಗಳ ಸಂಗ್ರಹವನ್ನು ಒಮ್ಮೆ ನೋಡಿ ಬನ್ನಿ. ಜೋಪಾನ ಎಂದರೇನೆಂದು ತಿಳಿಯುತ್ತದೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಆ ಫೋಟೋದಲ್ಲಿದ್ದಂತೆ ಮಗುವನ್ನು ಮುಂದಿನ ಸೀಟಿನ ನಡುವೆ ಕೂರಿಸುವುದು ಅಂದೂ ಅಪಾಯವೇ, ನಮಗೆ ತಿಳಿದಿರಲಿಲ್ಲ. ಮಗ ಎರಡು ಬದಿಗೂ ಸೀಟ್ ಬೆಲ್ಟ್ ಹಾಕಿಸಿದ್ದಾನೆ, ನಡುವೆ ಯಾರೂ ಕೂರಕೂಡದೆಂದು ನಿಯಮ ಮಾಡಿದ್ದಾನೆ.

ಕಾರು ಗ್ಯಾರೇಜಿನಿಂದ ಬಂದ ದಿನ 84 ವರ್ಷದ ನನ್ನ ಅತ್ತೆಯನ್ನು ಮೊದಲು ಕೂರಿಸಿದೆವು. ಅವರು ತಮ್ಮ ಕಿಟಕಿಯ ಬಳಿಯ ಜಾಗದಲ್ಲೇ ಕುಳಿತು, ಸೀಟಿನ ಮೇಲೆ ಮೆಲ್ಲನೆ ಕೈಯಾಡಿಸಿದರು. "ಇದು ನಮ್ಮದಲ್ಲ" ಎಂದರು. ನನ್ನ ಎದೆ ಧಸಕ್ಕೆಂದಿತು. ಆಮೇಲೆ ನಡುವಿನ ಖಾಲಿ ಜಾಗದಲ್ಲಿ ತಮ್ಮ ಕೈಚೀಲವನ್ನಿಟ್ಟು, ಮೊಮ್ಮಗನ ಕಡೆ ತಿರುಗಿ, "ಆದರೂ ಅಡ್ಡಿಯಿಲ್ಲ ಮಗಾ, ಹೊರಡು" ಎಂದರು.