ಬೇರಿಲ್ಲದ ಕೂದಲಿಗೆ ಯಾವ ಜಿಡ್ಡು?

ವಿಗ್ ಕೊಂಡವರ ಚೀಲಕ್ಕೆ ಅಂಗಡಿಯವರು ಕೊನೆಗೆ ಒಂದು ಸ್ಪ್ರೇ ಬಾಟಲಿಯನ್ನೂ ಸೇರಿಸುತ್ತಾರೆ. ಕೂದಲಿಗೆ ತೇವಾಂಶ ತುಂಬುತ್ತದೆ ಎಂಬ ಭರವಸೆ ಅದರ ಮೇಲೆ ದಪ್ಪಕ್ಷರಗಳಲ್ಲಿರುತ್ತದೆ. ಸಾವಿರಾರು ರೂಪಾಯಿ ತೆತ್ತು ತಂದ ಅಸಲಿ ಕೂದಲಿನ ವಿಗ್ ಕೆಲವೇ ತಿಂಗಳಲ್ಲಿ ಹೊಳಪು ಕಳೆದುಕೊಂಡು, ತುದಿ ಕೆದರಿ, ಬಾಚಣಿಗೆಗೆ ಬಗ್ಗದಂತಾದಾಗ ಆ ಬಾಟಲಿಯನ್ನು ಇನ್ನಷ್ಟು ಒತ್ತುವುದು ಸಹಜ. ಸಿಂಪಡಿಸಿದ ಅರ್ಧ ಗಂಟೆ ಎಲ್ಲವೂ ಚೆಂದ. ಆಮೇಲೆ ಮತ್ತದೇ ಪಾಡು. ಕೀಮೋಥೆರಪಿಯಲ್ಲಿ ಕೂದಲು ಕಳೆದುಕೊಂಡವರು, ಬೊಕ್ಕತಲೆಗೆ ಟೋಪನ್ ಇಡುವವರು, ಜಡೆಗೆ ಚೌರಿ ಸೇರಿಸುವವರು, ನಾಟಕದವರು, ಎಲ್ಲರದೂ ಒಂದೇ ದೂರು: ಕೂದಲು ಒಣಗಿಹೋಯಿತು. ವಿಚಿತ್ರವೆಂದರೆ, ಹಾಗೆ ಒಣಗಿದ ಕೂದಲಿಗೆ ನೀರಿನ ಕೊರತೆಯೇನೂ ಇರುವುದಿಲ್ಲ.

ಕೂದಲೊಳಗೆ ಎಷ್ಟು ನೀರಿರಬೇಕೆಂದು ತೀರ್ಮಾನಿಸುವುದು ಸುತ್ತಲಿನ ಗಾಳಿ. ಸಾಪೇಕ್ಷ ಆರ್ದ್ರತೆ ಶೇ. 60-65ರ ಆಸುಪಾಸಿನಲ್ಲಿದ್ದಾಗ ಕೂದಲು ತನ್ನ ತೂಕದ ಸುಮಾರು ಶೇ. 12ರಿಂದ 15ರಷ್ಟು ನೀರನ್ನು ಗಾಳಿಯಿಂದಲೇ ಎಳೆದು ಇಟ್ಟುಕೊಂಡಿರುತ್ತದೆ. ಮಂಗಳೂರಿನ ಆಷಾಢದಲ್ಲಿ ಅದು ಏರುತ್ತದೆ, ಕಲಬುರಗಿಯ ಏಪ್ರಿಲ್‌ನಲ್ಲಿ ಇಳಿಯುತ್ತದೆ. ಮೇಲಿಂದ ನೀರು ಸಿಂಪಡಿಸಿದರೆ ಹೆಚ್ಚುವರಿ ನೀರು ಆವಿಯಾಗಿ, ಕೂದಲು ಮತ್ತೆ ಗಾಳಿ ಹೇಳಿದ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಈ ವಿಧೇಯತೆ ಎಷ್ಟು ನಂಬಲರ್ಹವೆಂದರೆ ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಮನುಷ್ಯರ ಕೂದಲನ್ನೇ ಬಳಸಿ ಗಾಳಿಯ ತೇವ ಅಳೆಯುವ ಉಪಕರಣ ಕಟ್ಟಿದ. ಅದರ ವಿವರಗಳನ್ನು 1783ರಲ್ಲಿ ಪ್ರಕಟಿಸಿದ. ತೇವ ಹೆಚ್ಚಾದಾಗ ಕೂದಲು ಉದ್ದವಾಗುತ್ತದೆ, ಕಡಿಮೆಯಾದಾಗ ಕುಗ್ಗುತ್ತದೆ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದವರೆಗಿನ ವ್ಯತ್ಯಾಸ ಶೇ. 2ರ ಮೇಲೆ ಚೂರು. ನಮ್ಮ ಕಥೆಗೆ ಮುಖ್ಯವಾದದ್ದು ಅವನ ಪೂರ್ವಸಿದ್ಧತೆ. ಕೂದಲನ್ನು ಸೋಡಾ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದ. ಜಿಡ್ಡು ಹೋದ ಕೂದಲು ತೇವಕ್ಕೆ ಬೇಗ ಓಗೊಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬ್ಲೀಚ್ ಮಾಡಿ 'ಒಣಗಿದ' ಕೂದಲೂ ಹೀಗೆಯೇ, ಒಳ್ಳೆಯ ಕೂದಲಿಗಿಂತ ಸುಲಭವಾಗಿ ಒದ್ದೆಯಾಗುತ್ತದೆ, ಹೆಚ್ಚು ನೀರು ಕುಡಿಯುತ್ತದೆ.

ಹಾಗಾದರೆ ಬೆರಳಿಗೆ ಒಣಕಲು ಎನಿಸುವುದು ಏನು? ಘರ್ಷಣೆ. ಕೂದಲಿನ ಹೊರಮೈ ಮೇಲೆ ಕ್ಯುಟಿಕಲ್ ಎಂಬ ತೆಳು ಹಲ್ಲೆಗಳ ಆರೆಂಟು ಪದರಗಳಿವೆ. ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಹಾಸಿಕೊಂಡು, ಅಂಚುಗಳೆಲ್ಲ ತುದಿಯ ಕಡೆ ಮುಖ ಮಾಡಿರುತ್ತವೆ. ಬುಡದಿಂದ ತುದಿಗೆ ಬೆರಳಾಡಿಸಿದರೆ ನುಣುಪು, ತುದಿಯಿಂದ ಬುಡಕ್ಕೆ ಎಳೆದರೆ ತುಸು ತೊಡಕು. ಈ ಹಲ್ಲೆಗಳ ಮೇಲೆ 18-ಮಿಥೈಲ್ ಐಕೊಸನೊಯಿಕ್ ಆಮ್ಲವೆಂಬ ಕೊಬ್ಬಿನಾಮ್ಲದ ಒಂದೇ ಒಂದು ಅಣು ದಪ್ಪದ ಲೇಪವಿದೆ. ಸುಮ್ಮನೆ ಬಳಿದದ್ದಲ್ಲ, ರಾಸಾಯನಿಕ ಬಂಧದಿಂದ ಕೂದಲಿಗೇ ಹೊಲಿದದ್ದು. ದಪ್ಪ ಮೀಟರಿನ ಶತಕೋಟಿಯ ಒಂದೆರಡು ಪಾಲು ಮಾತ್ರ. ನೀರಿನ ಹನಿ ಕೂದಲ ಮೇಲೆ ಜಾರುವುದಕ್ಕೂ ಎರಡು ಎಳೆಗಳು ಒಂದಕ್ಕೊಂದು ಅಂಟದೆ ಸರಿಯುವುದಕ್ಕೂ ಇದೇ ಕಾರಣ. ಬ್ಲೀಚ್ ಮತ್ತು ಕ್ಷಾರೀಯ ಬಣ್ಣ ಮೊದಲು ಕಡಿದುಹಾಕುವುದು ಈ ಹೊಲಿಗೆಯನ್ನೇ. ಒಮ್ಮೆ ಹೋದರೆ ಆ ಎಳೆಗೆ ಅದು ಮತ್ತೆ ಬರದು.

ತಲೆಯ ಮೇಲಿನ ಕೂದಲಿಗೆ ಎರಡು ಪರಿಹಾರಗಳಿವೆ. ನೆತ್ತಿಯ ಗ್ರಂಥಿಗಳು ಸೀಬಂ ಎಂಬ ಜಿಡ್ಡನ್ನು ದಿನವಿಡೀ ಒಸರುತ್ತವೆ. ಬಾಚಿದಂತೆಲ್ಲ ಅದು ಕೆಳಗಿಳಿಯುತ್ತದೆ. ಜೊತೆಗೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹೊಸ ಕೂದಲು ಬರುತ್ತದೆ, ಹಾಳಾದ ತುದಿಯನ್ನು ಕತ್ತರಿಸಿ ಎಸೆಯಬಹುದು. ವಿಗ್‌ಗೆ ಈ ಎರಡೂ ಇಲ್ಲ. 40 ಸೆಂಟಿಮೀಟರ್ ಉದ್ದದ ವಿಗ್ಗಿನ ತುದಿ ಅಂಗಡಿಗೆ ಬರುವ ಹೊತ್ತಿಗೇ ಮೂರು ವರ್ಷ ಬಿಸಿಲು, ಮಳೆ, ಬಾಚಣಿಗೆ ಕಂಡಿರುತ್ತದೆ.

ಅದೂ ಯಾವ ತಲೆಯಿಂದ, ಹೇಗೆ ಬಂತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಭಕ್ತರು ಮುಡಿ ಕೊಟ್ಟ ಉದ್ದ ಕೂದಲು ಹರಾಜಾಗಿ ದೇಶವಿದೇಶಕ್ಕೆ ಹೋಗುತ್ತದೆ. ತಲೆಯಿಂದ ನೇರವಾಗಿ ಇಳಿದ ಕೂದಲಾದ್ದರಿಂದ ಬುಡ ಒಂದು ಕಡೆ, ತುದಿ ಒಂದು ಕಡೆ ಇರುವಂತೆ ಜೋಡಿಸಿಡಬಹುದು. ವ್ಯಾಪಾರದವರು ಇದನ್ನು ರೆಮಿ ಎನ್ನುತ್ತಾರೆ. ಇನ್ನೊಂದು ದಾರಿ ನಮ್ಮ ಮನೆಬಾಗಿಲಿನದು. ಬಾಚಿದಾಗ ಉದುರಿದ್ದನ್ನು ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಬೀದಿಯಲ್ಲಿ ಕೂಗುತ್ತ ಬರುವವರಿಗೆ ಕೊಟ್ಟು ಪಾತ್ರೆಯನ್ನೋ ಪಿನ್ನನ್ನೋ ಪಡೆಯುವುದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಇದೆ. ಆ ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸಕ್ಕೆ ಕೊಪ್ಪಳದ ಪಕ್ಕದ ಭಾಗ್ಯನಗರ ಹೆಸರಾದ ಊರು. ಹೆಚ್ಚಿನ ಕೈಗಳು ಹೆಂಗಸರವು. ಆ ಕೆಲಸಕ್ಕೆ ಬೇಕಾದ ತಾಳ್ಮೆ ನೆನೆದರೆ ವಿಗ್ಗಿನ ಬೆಲೆಯ ಬಗ್ಗೆ ಗೊಣಗುವ ಮನಸ್ಸಾಗುವುದಿಲ್ಲ.

ಉದುರಿದ ಕೂದಲಿನ ಉಂಡೆಯಲ್ಲಿ ಬುಡ ತುದಿಗಳು ಕಲಸಿಹೋಗಿರುತ್ತವೆ. ಒಂದರ ಹಲ್ಲೆ ಮೇಲ್ಮುಖ, ಪಕ್ಕದ್ದು ಕೆಳಮುಖ. ಹಾಗೆಯೇ ವಿಗ್ ಮಾಡಿದರೆ ಒಂದು ದಿನದಲ್ಲಿ ಗಂಟು ಬೀಳುತ್ತದೆ. ಇದಕ್ಕೆ ಉದ್ಯಮದ ಉಪಾಯವೆಂದರೆ ಆಮ್ಲದಲ್ಲಿ ಅದ್ದಿ ಹಲ್ಲೆಗಳನ್ನೇ ಸವೆಸಿ, ಮೇಲೆ ಸಿಲಿಕೋನ್ ಬಳಿಯುವುದು. ಅಂಗಡಿಯಲ್ಲಿ ಕನ್ನಡಿಯ ಮುಂದೆ ಅತಿಯಾಗಿ ಹೊಳೆಯುವ ವಿಗ್ ಹೆಚ್ಚಾಗಿ ಇಂಥದ್ದು. ಕೆಲವು ಸಲ ತೊಳೆಯುವಷ್ಟರಲ್ಲಿ ಸಿಲಿಕೋನ್ ಇಳಿದು ನಿಜರೂಪ ಕಾಣುತ್ತದೆ. ಎಳೆಯನ್ನು ತುದಿಯಿಂದ ಬುಡಕ್ಕೆ ಉಜ್ಜಿದಾಗಲೂ ಬುಡದಿಂದ ತುದಿಗೆ ಉಜ್ಜಿದಾಗಲೂ ಒಂದೇ ನುಣುಪಾಗಿದ್ದರೆ ಹಲ್ಲೆ ಉಳಿದಿಲ್ಲವೆಂದು ಅನುಮಾನಿಸಬಹುದು. ಅಂಥ ಕೂದಲಿಗೆ ಯಾವ ದುಬಾರಿ ಬಾಟಲಿಯೂ ಬಾಡಿಗೆಯ ನುಣುಪಷ್ಟೇ.

ಇನ್ನು ಬಾಟಲಿಯ ಹಿಂಬದಿಗೆ ಬರೋಣ. ಮುಂಭಾಗ ಜಾಹೀರಾತು, ಹಿಂಭಾಗ ರಸಾಯನಶಾಸ್ತ್ರ. ಶೇ. 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣ ಇಳಿಯುವ ಕ್ರಮದಲ್ಲಿ ಬರೆಯುವುದು ನಿಯಮ. ಹಾಗಾಗಿ ಮೊದಲ ನಾಲ್ಕೈದು ಹೆಸರು ಓದಿದರೆ ಸಾಕು. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನೀರು ಆರಿದ ಮೇಲೆ ಕೂದಲ ಮೇಲೆ ಏನು ಉಳಿಯುತ್ತದೆ?

ಉಳಿಯಬೇಕಾದವುಗಳಲ್ಲಿ ಮೊದಲನೆಯದು 'ಮೋನಿಯಂ ಕ್ಲೋರೈಡ್' ಎಂದು ಕೊನೆಯಾಗುವ ಉದ್ದ ಹೆಸರುಗಳು, ಬೆಹೆನ್‌ಟ್ರೈಮೋನಿಯಂ, ಸೆಟ್ರಿಮೋನಿಯಂ ಇತ್ಯಾದಿ. ಕಂಡೀಷನರ್ ಎಂಬ ಸರಕಿನ ಜೀವಾಳ ಇವೇ. ಪಿಎಚ್ ಸುಮಾರು 3.7ಕ್ಕಿಂತ ಮೇಲಿದ್ದಾಗ ಕೂದಲ ಮೈ ಋಣ ವಿದ್ಯುದಂಶ ಪಡೆಯುತ್ತದೆ. ಈ ಅಣುಗಳ ತಲೆಯಲ್ಲಿ ಧನ ಅಂಶ, ಬಾಲದಲ್ಲಿ ಕೊಬ್ಬು. ತಲೆ ಕೂದಲಿಗೆ ಕಚ್ಚುತ್ತದೆ, ಬಾಲ ಹೊರಗೆ ಚಾಚಿ ಕಳೆದುಹೋದ ಕೊಬ್ಬಿನ ಲೇಪದ ಕೆಲಸ ಮಾಡುತ್ತದೆ. ಬ್ಲೀಚ್ ಆದ ಕೂದಲಿನಲ್ಲಿ ಋಣ ಅಂಶಗಳು ಇನ್ನೂ ಹೆಚ್ಚು, ಆದ್ದರಿಂದ ಎಲ್ಲಿ ಹಾನಿ ಹೆಚ್ಚೋ ಅಲ್ಲೇ ಲೇಪವೂ ಹೆಚ್ಚು. ಅಮೋಡೈಮೆಥಿಕೋನ್ ಎಂಬ ಸಿಲಿಕೋನ್ ಕೂಡ ಇದೇ ಜಾಣತನದ್ದು. ಸಿಲಿಕೋನ್ ಕೂದಲಿನ ಉಸಿರು ಕಟ್ಟಿಸುತ್ತದೆ ಎಂಬ ಹೆದರಿಕೆಯ ಮಾತು ಚಾಲ್ತಿಯಲ್ಲಿದೆ. ತಲೆಯ ಮೇಲಿನ ಕೂದಲೇ ಉಸಿರಾಡುವುದಿಲ್ಲ, ವಿಗ್ಗಿನದು ಎಲ್ಲಿಂದ ಉಸಿರಾಡೀತು? ಮಿತವಾಗಿ ಬಳಸಿದ ಸಿಲಿಕೋನ್ ವಿಗ್ಗಿಗೆ ಸಿಗುವ ಅತ್ಯುತ್ತಮ ಕೃತಕ ಸೀಬಂ ಎಂದೇ ನನ್ನ ಅಭಿಪ್ರಾಯ. ಸಾಮಾನ್ಯ ಡೈಮೆಥಿಕೋನ್ ನೀರಿನಲ್ಲಿ ಕರಗದ್ದರಿಂದ ಪದರವಾಗಿ ಕೂಡಿಕೊಳ್ಳಬಹುದು. ಬಟಾಣಿ ಗಾತ್ರಕ್ಕಿಂತ ಹೆಚ್ಚು ಬೇಡ ಅಷ್ಟೇ.

ಆಲ್ಕೋಹಾಲ್ ಎಂಬ ಪದ ಕಂಡೊಡನೆ ಬಾಟಲಿ ಕೆಳಗಿಡುವವರಿದ್ದಾರೆ. ಸೆಟೈಲ್, ಸ್ಟಿಯರೈಲ್, ಸೆಟಿಯರೈಲ್ ಆಲ್ಕೋಹಾಲ್‌ಗಳು ಮೇಣದಂಥ ಗಟ್ಟಿ ಕೊಬ್ಬುಗಳು, ಕಂಡೀಷನರಿಗೆ ಕೆನೆಯ ಮೈ ಕೊಡುವಂಥವು; ಅವು ಬೇಕು. ಬೇಡವಾದದ್ದು ಪಟ್ಟಿಯ ಮೊದಲ ಸಾಲಿನಲ್ಲೇ ಕುಳಿತ ಎಥನಾಲ್, ಅಂದರೆ 'ಆಲ್ಕೋಹಾಲ್ ಡಿನ್ಯಾಟ್'. ಹೇರ್ ಸ್ಪ್ರೇಯಲ್ಲಿ ಅದು ಪಾಲಿಮರನ್ನು ಕರಗಿಸಿ ಹೊತ್ತು ತಂದು ಕ್ಷಣದಲ್ಲಿ ಆರಿಹೋಗುತ್ತದೆ. ಹೋಗುವಾಗ ಇದ್ದಬದ್ದ ಜಿಡ್ಡನ್ನು ಕದಲಿಸಬಹುದು. ಅದಕ್ಕಿಂತ ದೊಡ್ಡ ತೊಂದರೆ ಹಿಂದುಳಿದ ಗಡಸು ಪದರದ್ದು. ಅದು ಎಳೆಗಳನ್ನು ಪರಸ್ಪರ ಅಂಟಿಸುತ್ತದೆ, ಬಾಚುವಾಗ ಮುರಿಯುತ್ತದೆ, ಮುರಿಯುವಾಗ ಎಳೆ ಜಗ್ಗುತ್ತದೆ. ತೆಗೆಯಲು ಶ್ಯಾಂಪೂ ಬೇಕು. ಪ್ರತಿ ಶ್ಯಾಂಪೂ ಉಳಿದ ಲೇಪದಿಂದ ಒಂದಿಷ್ಟನ್ನು ಕೊಂಡೊಯ್ಯುತ್ತದೆ. ಗಟ್ಟಿಯಾಗಿ ಕೂರುವ ಜೆಲ್ಲುಗಳದೂ ಇದೇ ಲೆಕ್ಕ.

ಹಾಗೆಂದು ವಿಗ್ಗಿಗೆ ಆಕಾರವೇ ಬೇಡವೇ? ನೀರಿಗೆ ನಿಜವಾದ ಕೆಲಸ ಇಲ್ಲಿದೆ. ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಸರಪಳಿಗಳ ನಡುವಿನ ಹೈಡ್ರೋಜನ್ ಬಂಧಗಳು ಒದ್ದೆಯಾದಾಗ ಬಿಡುತ್ತವೆ, ಆರಿದಾಗ ಹೊಸ ಭಂಗಿಯಲ್ಲಿ ಕಟ್ಟಿಕೊಳ್ಳುತ್ತವೆ. ತಲೆಯಾಕಾರದ ಅಚ್ಚಿಗೆ ವಿಗ್ ತೊಡಿಸಿ, ತೇವ ಮಾಡಿ, ರೋಲರಿಗೆ ಸುತ್ತಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಗುಂಗುರು ಸಿದ್ಧ. ತಲೆಯಿಂದ ಕಳಚಿಡಬಹುದಾದ ಕೂದಲಿಗೆ ಮಾತ್ರ ಸಿಗುವ ಅನುಕೂಲ ಇದು. ಸ್ಪ್ರೇ ಬೇಕಾದರೆ ಮೇಲ್ಮೈಗೆ ತುಸು ಸೋಕಿಸಿದರೆ ಸಾಕು. ಒದ್ದೆ ಕೂದಲಿಗೆ ಬಿಸಿ ಐರನ್ ಮಾತ್ರ ತಾಗಿಸಬಾರದು: ಒಳಗಿನ ನೀರು ಆವಿಯಾಗಿ ಉಬ್ಬಿ ಎಳೆಯೊಳಗೇ ಗುಳ್ಳೆ ಎಬ್ಬಿಸುತ್ತದೆ, ಅಲ್ಲೇ ತುಂಡಾಗುತ್ತದೆ.

ವಿಗ್ಗಿನ ಆಕಾರ ನಿಲ್ಲಿಸಲು ಮೇಣ ಬಳಿಯುವ ಉಪಾಯ ಬಲು ಹಳೆಯದು. ಸುಮಾರು 3,400 ವರ್ಷ ಹಿಂದಿನ ಈಜಿಪ್ಟಿನ ಒಂದು ವಿಗ್ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಎಳೆಗಳ ಮೇಲಿರುವುದು ಜೇನುಮೇಣ ಮತ್ತು ಮರದ ರಾಳ. ಜೇನುಮೇಣ ಕರಗಲು 60 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕಾದ್ದರಿಂದ ನೈಲ್ ತೀರದ ಬಿಸಿಲಿಗೂ ಅದು ಇಳಿಯದು.

ನಮ್ಮಲ್ಲಿ ಎಲ್ಲರೂ ಕೇಳುವುದು ಕೊಬ್ಬರಿ ಎಣ್ಣೆಯ ಬಗ್ಗೆ. ಮುಂಬೈನ ಮಾರಿಕೊ ಕಂಪನಿಯ ಸಂಶೋಧಕರಾದ ರೇಲೆ ಮತ್ತು ಮೊಹಿಲೆ 2003ರಲ್ಲಿ ಖನಿಜ ತೈಲ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆಗಳನ್ನು ಹೋಲಿಸಿದರು. ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದೂ ನೇರವೂ ಆದ್ದರಿಂದ ಎಳೆಯೊಳಕ್ಕೆ ನುಸುಳುತ್ತದೆ ಎಂಬುದು ಅವರ ವಿವರಣೆ. ಮಾರಿಕೊ ಕೊಬ್ಬರಿ ಎಣ್ಣೆಯನ್ನೇ ಮಾರುವ ಕಂಪನಿ ಎಂಬುದನ್ನೂ ಓದುಗರು ತಲೆಯಲ್ಲಿಟ್ಟುಕೊಳ್ಳಲಿ. ಆದರೂ ಪ್ರಯೋಗ ನಡೆದದ್ದು ಕತ್ತರಿಸಿದ ಕೂದಲಿನ ಕುಚ್ಚುಗಳ ಮೇಲೆ, ಹಾಗಾಗಿ ವಿಗ್ಗಿಗೆ ಅದು ನೇರವಾಗಿಯೇ ಅನ್ವಯಿಸುತ್ತದೆ. ತೊಳೆಯುವ ಮುನ್ನ ಕೆಲವೇ ಹನಿ, ಅದೂ ಕೆಳಗಿನ ಅರ್ಧಕ್ಕೆ. ಬುಡದಲ್ಲಿ ಎಳೆಗಳನ್ನು ಜಾಲರಿಗೆ ಗಂಟು ಹಾಕಿ ಕಟ್ಟಿರುತ್ತಾರೆ. ಎಣ್ಣೆಯಾಗಲಿ ಕಂಡೀಷನರ್ ಆಗಲಿ ಅಲ್ಲಿಗೆ ಇಳಿದರೆ ಗಂಟು ಜಾರಿ ಕೂದಲು ಉದುರುತ್ತದೆ, ತಲೆಗೆ ಅಂಟಿಸುವ ಟೇಪು ಹಿಡಿತ ಬಿಡುತ್ತದೆ. ಸೀಗೆಪುಡಿಯೂ ಬೇಡ, ಪುಡಿ ಜಾಲರಿಯಲ್ಲಿ ಕೂರುತ್ತದೆ. ಸಲ್ಫೇಟ್ ಇಲ್ಲದ ಮೆದು ಶ್ಯಾಂಪೂ ಸಾಕು. ಬೋರ್‌ವೆಲ್ ನೀರಿನ ಊರುಗಳಲ್ಲಿ ಕೊನೆಯ ಜಾಲಾಟಕ್ಕೆ ಶುದ್ಧೀಕರಿಸಿದ ನೀರು ಒಳ್ಳೆಯದು. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಕೂದಲಿನ ಋಣ ಅಂಶಗಳಿಗೇ ಕಚ್ಚಿಕೊಂಡು ಮೈಯನ್ನು ಒರಟಾಗಿಸುತ್ತದೆ.

ಕೃತಕ ನಾರಿನ ವಿಗ್ ಮತ್ತು ಅಗ್ಗದ ಚೌರಿಗಳಿಗೆ ಇದಾವುದೂ ಹೊಂದುವುದಿಲ್ಲ. ಅವು ಮೋಡಾಕ್ರಿಲಿಕ್‌ನಂಥ ಪ್ಲಾಸ್ಟಿಕ್ ಎಳೆಗಳು. ನೀರು ಹೀರುವುದೇ ಕಡಿಮೆ, ಹಲ್ಲೆಗಳಿಲ್ಲ, ಲೇಪ ಕಚ್ಚಲು ಕೆರಾಟಿನ್ ಇಲ್ಲ. ಕತ್ತು, ಕಾಲರಿಗೆ ಉಜ್ಜಿ ಉಜ್ಜಿ ತುದಿ ಸವೆದು ಸುರುಟಿದ್ದನ್ನೇ ನಾವು ಒಣಗುವುದೆನ್ನುತ್ತೇವೆ. ಅದಕ್ಕೆ ಹಗುರ ಸಿಲಿಕೋನ್ ಸ್ಪ್ರೇ ಮತ್ತು ಅಗಲ ಹಲ್ಲಿನ ಬಾಚಣಿಗೆ ಸಾಕು. ಎಣ್ಣೆ ಹಾಕಿದರೆ ದೂಳು ಹಿಡಿಯುತ್ತದೆ, ಅಷ್ಟೇ.