ಮರವಂತೆಯ ರಸ್ತೆ ಚೆಂದ, ನೀರಿನ ಮಾತು ಬೇರೆ

ಘಟ್ಟದ ಮೇಲಿನಿಂದ ಇಳಿದು ಬರುವವರು ಕೇಳುವ ಪ್ರಶ್ನೆ ಒಂದೇ: "ಯಾವ ಬೀಚು ಒಳ್ಳೇದು?" ಶಿರೂರಿನಿಂದ ಹಿಡಿದು ಕೋಡಿ ಬೆಂಗ್ರೆಯ ತುದಿಯವರೆಗೆ ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲ್ಲೂಕುಗಳ ಪಡು ಅಂಚಿನುದ್ದಕ್ಕೂ ಹೊಯ್ಗೆ ಹಾಸಿದೆ. ಹಾಗಾಗಿ ಊರಿಗೊಂದು ಉತ್ತರ ಸಿಗುತ್ತದೆ. ಉತ್ತರ ಹೇಗಾದರೂ ಇರಲಿ, ಅದರ ಜೊತೆಗೆ ಹರಿದಾಡುವ ಕೆಲವು ನಂಬಿಕೆಗಳನ್ನು ಮಾತ್ರ ಒರೆಗೆ ಹಚ್ಚಲೇಬೇಕು. ಅವುಗಳಲ್ಲಿ ಒಂದೆರಡು ಜೀವಕ್ಕೇ ಎರವಾಗುವಂಥವು.

"ಮರವಂತೆಗಿಂತ ಒಳ್ಳೆಯ ಬೀಚಿಲ್ಲ"

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತ್ರಾಸಿ ದಾಟಿ ಬಡಗಣಕ್ಕೆ ಹೊರಟರೆ ಎಡಗಡೆ ಕಡಲು, ಬಲಗಡೆ ಸೌಪರ್ಣಿಕಾ. ಆ ನೋಟಕ್ಕೆ ಗಾಡಿ ನಿಲ್ಲಿಸದವರು ಕಡಿಮೆ. ಆದರೆ ಚೆಂದ ಇರುವುದು ರಸ್ತೆಯಿಂದ ಕಾಣುವ ನೋಟದಲ್ಲಿ. ನೀರಿಗಿಳಿಯಲು ಅದು ಒಳ್ಳೆಯ ಜಾಗ ಎಂಬ ತೀರ್ಮಾನ ಅದರಿಂದ ಹುಟ್ಟುವುದಿಲ್ಲ. ಹೆದ್ದಾರಿಯನ್ನು ಕಡಲ್ಕೊರೆತದಿಂದ ಉಳಿಸಲು ಇಲ್ಲಿ ಸಾಲುಸಾಲು ಬಂಡೆ ಹಾಕಲಾಗಿದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಕಡಲಿನೊಳಕ್ಕೆ ಚಾಚಿದ ಕಲ್ಲಿನ ಅಡ್ಡದಂಡೆಗಳೂ ಬಂದಿವೆ. ಪಾಚಿ ಕಟ್ಟಿದ ಈ ಬಂಡೆಗಳು ಕಾಲಿಟ್ಟರೆ ಜಾರುತ್ತವೆ. ದಡದಗುಂಟ ಬಂದ ನೀರು ಅಡ್ಡದಂಡೆಗೆ ತಾಗಿ, ಅದರ ಪಕ್ಕದಲ್ಲೇ ಆಳಕ್ಕೆ ತಿರುಗುತ್ತದೆ. ಸೆಲ್ಫಿಗೆಂದು ಜನ ನಿಲ್ಲುವುದೂ ಸರಿಯಾಗಿ ಅಲ್ಲೇ.

ಸೌಪರ್ಣಿಕಾ ಮರವಂತೆಯಲ್ಲೇ ಸಮುದ್ರ ಸೇರುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇದೆ. ಸೇರುವುದಿಲ್ಲ. ಕಲ್ಲೆಸೆದರೆ ಕಡಲಿಗೆ ಬೀಳುವಷ್ಟು ಹತ್ತಿರ ಬಂದ ಹೊಳೆ ಅಲ್ಲಿಂದ ತೆಂಕಣಕ್ಕೆ ಹೊರಳಿ, ಗಂಗೊಳ್ಳಿಯವರೆಗೆ ದಡಕ್ಕೆ ಜೊತೆಯಾಗಿ ಸಾಗಿ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳೊಂದಿಗೆ ಪಂಚಗಂಗಾವಳಿಯಾಗಿ ಅಳಿವೆ ಸೇರುತ್ತದೆ.

"ಮಳೆಗಾಲ ಕಳೆದರೆ ಕಡಲು ಸಾಧು"

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನಿನ ಸಂತತಿ ಉಳಿಯಲೆಂದು ಮಾಡಿದ ನಿಯಮ ಅದು. ಆದರೆ ನೋಡುವವರಿಗೆ ಅದು ಕಡಲ ಗಡುವಿನಂತೆ ಕಾಣುತ್ತದೆ: ಆಗಸ್ಟಿನಲ್ಲಿ ಬೋಟು ಇಳಿಯಿತೆಂದರೆ ನಾವೂ ಇಳಿಯಬಹುದು ಎಂಬ ಲೆಕ್ಕ. ಆಗಸ್ಟ್, ಸೆಪ್ಟೆಂಬರಿನಲ್ಲೂ ತೆರೆ ದೊಡ್ಡದೇ. ಡಿಸೆಂಬರಿನಲ್ಲಿ ತಣ್ಣಗಿರುವ ಕಡಲನ್ನೂ ಪೂರ್ತಿ ನಂಬುವಂತಿಲ್ಲ. ಬೈಂದೂರಿನಿಂದ ಸ್ವಲ್ಪವೇ ಬಡಗಣಕ್ಕಿರುವ ಮುರುಡೇಶ್ವರದಲ್ಲಿ 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ಮಳೆಗಾಲ ಮುಗಿದು ತಿಂಗಳುಗಳೇ ಕಳೆದಿದ್ದವು.

"ತೆರೆ ಇಲ್ಲದ ಜಾಗದಲ್ಲಿ ಮಕ್ಕಳನ್ನು ಬಿಟ್ಟರೆ ಭಯವಿಲ್ಲ"

ಎಲ್ಲಕ್ಕಿಂತ ಕೆಟ್ಟ ನಂಬಿಕೆ ಇದು; ನೋಡಲು ಬುದ್ಧಿವಂತಿಕೆಯಂತಿರುವುದರಿಂದ ಇನ್ನಷ್ಟು ಕೆಟ್ಟದ್ದು. ದಡದ ಮೇಲೆ ನಿಂತು ನೋಡಿ. ಎರಡು ಕಡೆ ತೆರೆ ಒಡೆದು ನೊರೆಯಾಗುತ್ತಿರುತ್ತದೆ, ನಡುವೆ ಹತ್ತಿಪ್ಪತ್ತು ಮೀಟರ್ ಅಗಲದಲ್ಲಿ ನೀರು ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಅಪ್ಪ ಅಮ್ಮ ಮಕ್ಕಳ ಕೈಹಿಡಿದು ನೇರ ಅಲ್ಲಿಗೇ ಕರೆದೊಯ್ಯುತ್ತಾರೆ. ಅಲ್ಲಿ ತೆರೆ ಒಡೆಯದಿರುವುದಕ್ಕೆ ಕಾರಣ ಆಳ. ದಡಕ್ಕೆ ನುಗ್ಗಿದ ನೀರೆಲ್ಲ ಹೇಗಾದರೂ ಹಿಂದಕ್ಕೆ ಹೋಗಲೇಬೇಕಲ್ಲ? ನೀರಿನಡಿಯ ಹೊಯ್ಗೆ ದಿಬ್ಬಗಳ ನಡುವೆ ಅದು ಕೊರೆದುಕೊಂಡ ಹಾದಿ ಅದು. ಆ ಸೆಳೆತದ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರನ್ನೂ ಮೀರುತ್ತದೆ. ಒಲಿಂಪಿಕ್ಸ್ ಪದಕ ಗೆದ್ದವರಿಗೂ ಅದರೆದುರು ಈಜಿ ಬರಲಾಗದು.

ಇದಕ್ಕೆ ಹೊಂದಿಕೊಂಡೇ ಇನ್ನೆರಡು ಭ್ರಮೆಗಳಿವೆ. ಕಡಲು ಕೆಳಕ್ಕೆ ಎಳೆಯುತ್ತದೆ ಎನ್ನುವುದು ಒಂದು. ಸೆಳೆತ ಒಯ್ಯುವುದು ಹೊರಕ್ಕೆ, ಅಡಿಗಲ್ಲ. ದಡದ ಕಡೆಗೇ ಈಜಲು ಹೆಣಗಿ, ಸೋತು ಮುಳುಗುವವರೇ ಹೆಚ್ಚು. ಸಿಕ್ಕಿಬಿದ್ದವರು ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕೂಗಬೇಕು, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ ಆ ಹಾದಿಯಿಂದ ಹೊರಬಂದು, ನೊರೆ ಕಾಣುವಲ್ಲಿಂದ ದಡಕ್ಕೆ ತಿರುಗಬೇಕು. ಕೆರೆಯಲ್ಲಿ, ಬಾವಿಯಲ್ಲಿ ಈಜು ಕಲಿತವರಿಗೆ ಕಡಲೂ ಒಂದೇ ಎನ್ನುವುದು ಎರಡನೆಯದು. ಬಾವಿಯ ನೀರು ನಿಂತಲ್ಲೇ ನಿಂತಿರುತ್ತದೆ, ಹೆಚ್ಚು ಹೇಳಬೇಕಾಗಿಲ್ಲ. ಇನ್ನು, ಮುಳುಗುವವರನ್ನು ಉಳಿಸಲು ಹಾರಿದವರೂ ಸತ್ತ ಸುದ್ದಿಯನ್ನು ನಾವು ವರ್ಷವೂ ಓದುತ್ತೇವೆ. ಹಾರುವ ಬದಲು ಹಗ್ಗ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ, 112ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಬಲೆ ಸರಿಮಾಡುತ್ತಿರುವವರನ್ನು ಕೂಗಿ.

ಆ ಬಲೆಯವರು ನೀವು ಇಳಿಯುವ ಮೊದಲೇ "ಹ್ವಾಯ್, ಇವತ್ತ್ ಇಳೂಕಾಗ" ಅಂದರೆ ವಾದಕ್ಕೆ ನಿಲ್ಲಬೇಡಿ. ಹಿಂದಿನ ದಿನ ಇದ್ದ ದಿಬ್ಬ ಇವತ್ತು ಎಲ್ಲಿಗೆ ಸರಿದಿದೆ ಎಂಬುದು ಅವರಿಗೆ ಗೊತ್ತು, ಬೆಂಗಳೂರಿನಿಂದ ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬಂದವರಿಗೆ ಗೊತ್ತಿರುವುದಿಲ್ಲ.

"ಒಳ್ಳೆಯ ಬೀಚು ಯಾವಾಗ ಹೋದರೂ ಒಳ್ಳೆಯದೇ"

ಸ್ಪೇನಿನ ಬೆನಿಡಾರ್ಮ್‌ನಂಥ ಊರುಗಳಲ್ಲಿ ಈ ಮಾತು ಒಂದು ಮಟ್ಟಿಗೆ ನಡೆಯುತ್ತದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಭರತ ಇಳಿತದ ವ್ಯತ್ಯಾಸ ಹೆಚ್ಚಿನ ಕಡೆ ಗೇಣು ಎರಡು ಗೇಣಿನಷ್ಟು. ಬೆಳಿಗ್ಗೆ ಕಂಡ ಹೊಯ್ಗೆ ಸಂಜೆಗೂ ಅಲ್ಲೇ ಇರುತ್ತದೆ, ಹಾಗಾಗಿ "ಮೊದಲ ಹತ್ತು ಬೀಚುಗಳು" ಎಂಬ ಪಟ್ಟಿಗೂ ಅರ್ಥವಿದೆ. ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ನೀರಿನ ಮಟ್ಟ ಆಳೆತ್ತರಕ್ಕೆ ಹತ್ತಿರ ಏರಿಳಿಯುತ್ತದೆ. ಇಳಿತದಲ್ಲಿ ಮಕ್ಕಳು ಕ್ರಿಕೆಟ್ ಆಡಿದ ಜಾಗದಲ್ಲಿ ಭರತದ ಹೊತ್ತಿಗೆ ತೆರೆ ಬಂದು ಕಲ್ಲಿಗೆ ಬಡಿಯುತ್ತದೆ. ಜೊತೆಗೆ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಭಾನುವಾರ ಸಂಜೆ ಐದಕ್ಕೆ ಇಳಿತ ಇದ್ದರೆ ಮುಂದಿನ ಭಾನುವಾರ ಅದೇ ಐದಕ್ಕೆ ಹೆಚ್ಚುಕಡಿಮೆ ಭರತ. ಸ್ನೇಹಿತರು ಹೋದ ವಾರ ಕಂಡ ಬೀಚು ಈ ವಾರ ನಿಮಗೆ ಸಿಗುವುದಿಲ್ಲ.

ಋತುವಿನ ಲೆಕ್ಕವೂ ಹೀಗೆಯೇ. ಮಳೆಗಾಲದ ತೆರೆ ದಡದ ಹೊಯ್ಗೆಯನ್ನು ಒಳಕ್ಕೆ ಒಯ್ದು ದಿಬ್ಬ ಮಾಡಿ ಇಡುತ್ತದೆ. ಮಳೆ ನಿಂತ ಮೇಲೆ ಸಣ್ಣ ತೆರೆಗಳು ಅದನ್ನು ಮೆಲ್ಲಗೆ ಮರಳಿ ತರುತ್ತವೆ. ಜುಲೈಯಲ್ಲಿ "ಬೀಚೇ ಹೋಯ್ತು" ಅನ್ನಿಸಿದಲ್ಲಿ ಜನವರಿಗೆ ಅಗಲ ದಡ ಕಾಣಬಹುದು. ಹೋದದ್ದು ಬಾರದ ಜಾಗಗಳೂ ಇವೆ. ತಡೆಗೋಡೆ ಉಳಿಸುವುದು ರಸ್ತೆಯನ್ನು, ಮನೆಯನ್ನು. ಅದರ ಮುಂದಿನ ಹೊಯ್ಗೆಯನ್ನಲ್ಲ. ಕಲ್ಲಿಗೆ ಬಡಿದು ವಾಪಸಾಗುವ ತೆರೆ ಬುಡದ ಹೊಯ್ಗೆಯನ್ನೇ ತೋಡುತ್ತದೆ.

"ಪುಣ್ಯಸ್ನಾನದ ದಿನ ಕಡಲಮ್ಮ ಏನೂ ಮಾಡುವುದಿಲ್ಲ"

ಕರ್ಕಾಟಕ ಅಮಾವಾಸ್ಯೆಯಂದು, ಕುಂದಾಪ್ರ ಕನ್ನಡದ ಆಸಾಡಿ ಅಮಾಸಿಯಂದು, ಮರವಂತೆಯ ವರಾಹ ದೇವಸ್ಥಾನದಲ್ಲಿ ಜಾತ್ರೆ. ಹೊಸದಾಗಿ ಮದುವೆಯಾದ ಜೋಡಿಗಳು ಕಡಲಿನಲ್ಲೂ ಹೊಳೆಯಲ್ಲೂ ಮಿಂದು ದೇವರಿಗೆ ಕೈಮುಗಿಯುತ್ತಾರೆ. ಆಚರಣೆ ಅವರವರ ಶ್ರದ್ಧೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ನೀರನ್ನು ಜೊತೆಯಾಗಿ ಎಳೆಯುವ ದಿನ ಅದು. ಭರತ ದೊಡ್ಡದು, ಇಳಿತವೂ ದೊಡ್ಡದು. ಮೇಲಿಂದ ಆಸಾಡಿಯ ಮಳೆಗಾಲ. ಕಟ್ಟಳೆಗೆ ಒಂದು ಬೊಗಸೆ ನೀರು ಸಾಲದೇ?

"ಅಳಿವೆಯ ನೀರು ಹೊಳೆಯ ನೀರು, ಅಪಾಯವಿಲ್ಲ"

ಬ್ರಹ್ಮಾವರ ಕಡೆಯ ಕೋಡಿ ಬೆಂಗ್ರೆ ಈಗ "ಡೆಲ್ಟಾ ಬೀಚ್" ಎಂದು ಹೆಸರಾಗಿದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ತುದಿಯಲ್ಲಿ ಸ್ವರ್ಣಾ, ಸೀತಾ ನದಿಗಳು ಒಟ್ಟಾಗಿ ಸಮುದ್ರ ಸೇರುವ ಜಾಗ. (ಕುಂದಾಪುರದ ಕೋಡಿ ಬೇರೆ, ಇದು ಬೇರೆ, ಮೊಬೈಲಿನ ನಕ್ಷೆ ನಂಬಿ ಒಂದಕ್ಕೆ ಹೊರಟವರು ಇನ್ನೊಂದಕ್ಕೆ ತಲುಪಿಯಾರು.) ನನ್ನ ಲೆಕ್ಕದಲ್ಲಿ ಮೂರು ತಾಲ್ಲೂಕುಗಳಲ್ಲಿ ಸುಮ್ಮನೆ ನಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಇಳಿತದ ಹೊತ್ತಿನಲ್ಲಿ ಹಿನ್ನೀರಿನಲ್ಲಿ ತುಂಬಿದ್ದ ನೀರೂ ಹೊಳೆಯ ಹರಿವೂ ಆ ಒಂದೇ ಬಾಗಿಲಿನಿಂದ ಹೊರಗೆ ನುಗ್ಗುತ್ತವೆ. ಮೇಲೆ ಸುಕ್ಕೂ ಇರುವುದಿಲ್ಲ, ಅಡಿಯಲ್ಲಿ ಹರಿವು ಜೋರು. ಗಂಗೊಳ್ಳಿಯ ಅಳಿವೆಗೂ, ಬೈಂದೂರಿನ ಸೋಮೇಶ್ವರದ ಬಳಿ ಹೊಳೆ ಕಡಲು ಸೇರುವಲ್ಲಿಗೂ ಇದೇ ಮಾತು. ಸೋಮೇಶ್ವರದಲ್ಲಿ ಬಂಡೆಗಳ ಮೇಲೆ ಹತ್ತುವುದಕ್ಕಿಂತ ಒತ್ತಿನೆಣೆ ಗುಡ್ಡದ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುವುದು ಲೇಸು. ದೇವಸ್ಥಾನ, ಹೊಳೆ, ಕಡಲು ಮೂರೂ ಒಟ್ಟಿಗೆ ಕಾಣುತ್ತವೆ.

"ಬ್ಲೂ ಫ್ಲ್ಯಾಗ್ ಅಂದರೆ ಸೌಂದರ್ಯಕ್ಕೆ ಕೊಡುವ ಬಹುಮಾನ"

ಅಲ್ಲ. ನೀರಿನ ಗುಣಮಟ್ಟ, ಶೌಚಾಲಯ, ಕಸ ವಿಲೇವಾರಿ, ಜೀವರಕ್ಷಕರು ಇವನ್ನೆಲ್ಲ ನೋಡಿ ಕೊಡುವ ಮಾನ್ಯತೆ ಅದು. ಪ್ರತಿ ವರ್ಷ ಹೊಸದಾಗಿ ಗಳಿಸಬೇಕು. 2020ರಲ್ಲಿ ಕರ್ನಾಟಕದಲ್ಲಿ ಅದನ್ನು ಪಡೆದದ್ದು ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ನಮ್ಮ ಮೂರು ತಾಲ್ಲೂಕುಗಳು ಇವೆರಡರ ನಡುವೆ ಇವೆ. ಪುಟ್ಟ ಮಕ್ಕಳೊಂದಿಗೆ ನೀರಿನಲ್ಲಿ ಆಡಲೇಬೇಕೆಂದು ಹಟವಿದ್ದರೆ ಪಡುಬಿದ್ರಿಗೇ ಹೋಗಿ ಎನ್ನುವುದು ಊರ ಅಭಿಮಾನಕ್ಕೆ ಸ್ವಲ್ಪ ಕಹಿಯಾದರೂ ಸರಿಯಾದ ಸಲಹೆ. ಅಲ್ಲೂ ಜೀವರಕ್ಷಕರು ಇರುವ ಹೊತ್ತಿನಲ್ಲಿ, ಅವರು ತೋರಿಸಿದ ಗಡಿಯೊಳಗೆ ಮಾತ್ರ.

"ದೀಪ ಹಾಕಿದರೆ ಬೀಚು ಸುಧಾರಿಸುತ್ತದೆ"

ಕುಂದಾಪುರದ ಕೋಡಿಯಲ್ಲಿ ದೀಪಸ್ತಂಭವಿದೆ, ಅಳಿವೆಯ ದಂಡೆಯ ಮೇಲೆ ಸೀವಾಕ್ ಇದೆ. ಸಂಜೆಯ ಜನಸಂದಣಿ ನೋಡಿದವರು ಇಡೀ ದಡಕ್ಕೇ ಹೊನಲು ಬೆಳಕು ಬರಲಿ ಅನ್ನುತ್ತಾರೆ. ಅದೇ ಕೋಡಿಯ ಹೊಯ್ಗೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಗೂಡುಗಳಿಗೆ ಅರಣ್ಯ ಇಲಾಖೆಯೂ ಊರಿನ ಸ್ವಯಂಸೇವಕರೂ ಬೇಲಿ ಕಟ್ಟಿ ಕಾವಲಿದ್ದಾರೆ. ಮೊಟ್ಟೆಯೊಡೆಯಲು ಸುಮಾರು ಐವತ್ತು ದಿನ ಬೇಕು. ರಾತ್ರಿ ಹೊರಬರುವ ಮರಿಗಳು ಬೆಳಕು ಹೆಚ್ಚಿರುವ ದಿಕ್ಕೇ ಕಡಲು ಎಂದು ತಿಳಿದು ಹೊರಡುತ್ತವೆ. ದಡದಲ್ಲಿ ಲೈಟು ಉರಿಯುತ್ತಿದ್ದರೆ ನೇರ ರಸ್ತೆಗೆ ಬರುತ್ತವೆ. ಚಳಿಗಾಲದಿಂದ ಬೇಸಿಗೆಯವರೆಗೆ ರಾತ್ರಿ ಕೋಡಿಗೆ ಹೋಗುವವರು ಗಾಡಿಯನ್ನು ಹೊಯ್ಗೆಗೆ ಇಳಿಸಬಾರದು, ಮೊಬೈಲಿನ ಟಾರ್ಚನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಬೇಲಿ ಕಂಡರೆ ಸುತ್ತಿಕೊಂಡು ಹೋಗಬೇಕು.